ಮುನ್ನೂರು ಲಾಳಿಮೊನೆಗಳು

ಹೋದ ವಾರ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬಸ್ಸಿನಲ್ಲಿ ಬರುತ್ತಿದ್ದಾಗ ಮುಂದಿನ ಸೀಟಿಗೆ ಯಾರೋ ಬಂದು ಕೂತರು. ಅವರ ಅಂಗಿಯಿಂದ ಕಾದ ಕಬ್ಬಿಣ ಮತ್ತು ಸುಟ್ಟ ಎಣ್ಣೆ ಬೆರೆತ ವಾಸನೆ ಬರುತ್ತಿತ್ತು. ಪಕ್ಕದವರು ಕಿಟಕಿ ಸರಿಸಿದರು. ನಾನು ಮಾತ್ರ ಆ ವಾಸನೆಯನ್ನು ಬಿಡದೆ ಎಳೆದುಕೊಂಡೆ. ತಳಕು ಊರು ದಾಟುವವರೆಗೂ ಕಣ್ಣ ಮುಂದೆ ಲೇತ್ ಚಾಚಾ ಒಬ್ಬರೇ ಇದ್ದರು...

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಸಾಲು ಮುಗಿಯುವಲ್ಲಿ ಅವರ ಅಂಗಡಿ ಇತ್ತು. ಕಬ್ಬಿಣ ಕಡೆಯುವ ಒಂದೇ ಲೇತ್, ಅದೂ ಕೈಯಿಂದ ನಡೆಸುವಂಥದ್ದು. ಬೋರ್‌ವೆಲ್ ಮೋಟರಿನ ಶಾಫ್ಟು, ಮಿಲ್ಲಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು ಇಂಥವೇ ಅವರ ಕೆಲಸ. ಮಗ್ಗದ ಮನೆಯವಳಾದ ನನಗೆ ಅಲ್ಲೇನು ಕೆಲಸ? ನಾನು ಹೋಗಿದ್ದು ನನ್ನದೇ ತಪ್ಪನ್ನು ಸರಿಪಡಿಸಿಕೊಳ್ಳಲು.

ನಮ್ಮ ಕೇರಿಯ ನಲವತ್ತು ಮಗ್ಗಗಳಿಗೂ, ಮಗ್ಗಕ್ಕೆ ಮೂರು ನಾಲ್ಕರಂತೆ, ಹೊಸ ಲಾಳಿ ತರಿಸೋಣ ಎಂದು ಎಲ್ಲರನ್ನೂ ಒಪ್ಪಿಸಿದವಳು ನಾನೇ. ಲಾಳಿಗಳೇನೋ ಚೆಂದವಾಗಿದ್ದವು. ಆದರೆ ಅವುಗಳ ಎರಡೂ ತುದಿಗೆ ಬಡಿದಿದ್ದ ಕಬ್ಬಿಣದ ಮೊನೆಗಳು ಒರಟು. ಲಾಳಿ ಓಡಿದಾಗಲೆಲ್ಲ ಮಗ್ಗದ ಉದ್ದಕ್ಕೆ ಹೂಡಿದ ಹಾಸಿನ ರೇಷ್ಮೆ ಎಳೆ ಪಟ್ಟನೆ ಹರಿಯುತ್ತಿತ್ತು. ಹಳೆಯ ಲಾಳಿಗಳನ್ನು ಆಗಲೇ ಒಲೆಗೆ ಹಾಕಿಯಾಗಿತ್ತು. ಲಗ್ನದ ಸೀರೆಗಳು ಅರ್ಧಕ್ಕೆ ನಿಂತವು. ಇನ್ನೊಂದು ವಾರದಲ್ಲಿ ನೇಯ್ದು ಕೊಡದಿದ್ದರೆ ರೇಷ್ಮೆಯನ್ನು ವಾಪಸ್ ಒಯ್ಯುತ್ತೇನೆ ಎಂದು ಅದನ್ನು ಕೊಟ್ಟಿದ್ದ ವ್ಯಾಪಾರಿ ಹೇಳಿ ಕಳಿಸಿದ್ದ. ನಮ್ಮ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು.

ಚಾಚಾ ನಾನು ಒಯ್ದಿದ್ದ ಒರಟು ಮೊನೆಯನ್ನು ಬೆರಳಲ್ಲಿ ಹೊರಳಿಸಿ ನೋಡಿ, "ಎಷ್ಟು ಬೇಕು?" ಎಂದರು.

"ಮುನ್ನೂರು. ಆರು ದಿನದಾಗೆ."

ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಒಂದು ಮೊನೆ ಮಾಡಿ ತೋರಿಸಿದರು. ಲಾಳಿಯ ಮರದೊಳಗೆ ಹೋಗುವ ಬಾಲ ಸಣ್ಣಗೆ ಮಾಡುವುದು, ಅಳೆಯುವುದು, ಕಬ್ಬಿಣ ಕೆತ್ತುವ ಟೂಲ್ ಬದಲಿಸುವುದು, ಮೊನೆಯ ಇಳಿಜಾರು ತೆಗೆಯುವುದು, ಮತ್ತೆ ಅಳೆಯುವುದು, ಮತ್ತೆ ಟೂಲ್ ಬದಲಿಸಿ ಕತ್ತರಿಸುವುದು. ಕಾಲು ಗಂಟೆ ಹಿಡಿಯಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಕಂಗಾಲಾದೆ.

"ಹಿಂಗೆ ಮಾಡಿದ್ರೆ ಆಗಾಕಿಲ್ಲ ತಂಗಿ," ಎಂದರು. "ಮೊದ್ಲು ನಿಮ್ಮ ಮಗ್ಗ ನೋಡ್ಬೇಕು."

ಅವತ್ತೇ ನನ್ನ ಜೊತೆ ಬಸ್ಸು ಹತ್ತಿ ಬಂದರು. ಮಗ್ಗದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಲಾಳಿ ಆಚೆ ಈಚೆ ಓಡುವುದನ್ನು ಎಷ್ಟೋ ಹೊತ್ತು ನೋಡಿದರು. ಹರಿದ ಎಳೆಯೊಂದನ್ನು ಕೇಳಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಹೋದರು.

ಮಾರನೆಯ ದಿನ ನಾನು ಅಂಗಡಿಗೆ ಹೋದರೆ ಒಂದು ಮೊನೆಯೂ ಆಗಿರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗ್ರೈಂಡರ್ ಮುಂದೆ ಕೂತು ಒಂದು ಟೂಲಿನ ಬಾಯಿಯನ್ನು ತೇಯುತ್ತಿದ್ದರು, ನೋಡುತ್ತಿದ್ದರು, ಮತ್ತೆ ತೇಯುತ್ತಿದ್ದರು. ನನಗೆ ಅಳು ಬಂತು. "ಚಾಚಾ, ನಾಕೇ ದಿನ ಉಳಿದೈತೆ. ನೀವು ಇನ್ನೂ ಶುರುವೇ ಮಾಡಿಲ್ಲ!" ಎಂದು ಜೋರಾಗಿಯೇ ಅಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ನೀವು ಸೀರೆ ನೇಯೋ ಮುಂಚೆ ಹಾಸು ಹೂಡಾಕೆ ಎಷ್ಟು ದಿನ ಹಿಡಿತೈತೆ?"

"ಎರಡು ಮೂರು ದಿನ," ಎಂದೆ.

"ಇದೂ ಅಷ್ಟೇಯ," ಎಂದು ಮತ್ತೆ ಗ್ರೈಂಡರ್ ಹಚ್ಚಿದರು.

ಸಂಜೆಗೆ ಲೇತಿಗೆ ಟೂಲು ಹೂಡುವುದು ಮುಗಿಯಿತು. ಮೊನೆಯ ಇಳಿಜಾರು ಈಗ ಟೂಲಿನ ಬಾಯಲ್ಲೇ ಇತ್ತು, ಒಂದು ಸಲ ಒತ್ತಿದರೆ ಸಾಕು. ಕತ್ತರಿಸುವ ಟೂಲನ್ನು ಎದುರುಬದಿಗೆ ತಲೆಕೆಳಗಾಗಿ ಕೂರಿಸಿದ್ದರು. ಹಿಡಿಕೆಯನ್ನು ಒಳಕ್ಕೆ ತಿರುಗಿಸಿದರೆ ಆಕಾರ, ಹೊರಕ್ಕೆ ತಿರುಗಿಸಿದರೆ ತುಂಡು. ಎಲ್ಲೆಲ್ಲಿ ಅಳೆಯಬೇಕಿತ್ತೋ ಅಲ್ಲೆಲ್ಲ ಕಬ್ಬಿಣದ ಗಟ್ಟಿಗಳನ್ನು ತಡೆಯಾಗಿ ಬಿಗಿದಿದ್ದರು. ಕೈ ತಡೆಗೆ ತಾಗಿತೆಂದರೆ ಅಳತೆ ಸರಿ ಎಂದರ್ಥ. ಮೊನೆಯಾಗಬೇಕಾದ ಕಬ್ಬಿಣದ ಸರಳನ್ನು ಮುಂದಕ್ಕೆ ಎಳೆದರೂ ಅದು ಬೇಕಾದಷ್ಟೇ ಬಂದು ನಿಲ್ಲುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಆ ಕೈಗಳ ಓಟವನ್ನು ಏನೆಂದು ಹೇಳಲಿ... ಎಡಗೈ, ಬಲಗೈ, ಮತ್ತೆ ಎಡಗೈ. ಮೂರು ನಾಲ್ಕು ನಿಮಿಷಕ್ಕೊಂದು ಮೊನೆ ಟಣ್ಣೆಂದು ತಗಡಿನ ತಟ್ಟೆಗೆ ಬೀಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೇ ಸಣ್ಣ ಕಲ್ಲಿನಿಂದ ಉಜ್ಜಿ, ರೇಷ್ಮೆ ಎಳೆಯನ್ನು ಅದರ ಮೇಲೆ ಎಳೆದು ನೋಡುತ್ತಿದ್ದೆ. ಎಳೆ ಜಾರಿದರೆ ಪಾಸು. ಪ್ರತಿ ಸಲವೂ ಅವರು ಕತ್ತರಿಸಿದ ಮೇಲೆ ಬಗ್ಗಿ ತಟ್ಟೆಯತ್ತ ನೋಡುವುದನ್ನು ಗಮನಿಸಿ, "ಮಗ್ಗದಾಗೆ ನಾವು ಲಾಳಿ ಎಲ್ಲಿ ಹೋಯ್ತು ಅಂತ ನೋಡಾದಿಲ್ಲ ಚಾಚಾ, ಶಬ್ದ ಕೇಳ್ತೀವಿ," ಎಂದೆ. ಅವರು ಕೈ ನಿಲ್ಲಿಸಿ ನನ್ನತ್ತ ನೋಡಿದರು. "ಅರೆ, ಹೌದಲ್ಲ!" ಎಂದು ಮಗುವಿನ ಹಾಗೆ ನಕ್ಕರು. ಆಮೇಲೆ ತಟ್ಟೆಯ ಕಡೆ ತಿರುಗಲೇ ಇಲ್ಲ.

ಮಧ್ಯಾಹ್ನ ಒಂದು ಮೊನೆಗೆ ನನ್ನ ಎಳೆ ಸಿಕ್ಕಿಕೊಂಡಿತು. ಚಾಚಾ ಮಷಿನ್ ನಿಲ್ಲಿಸಿ ಟೂಲನ್ನು ಬೆಳಕಿಗೆ ಹಿಡಿದರು. ಬಾಯಲ್ಲಿ ಸಾಸಿವೆಗಿಂತ ಸಣ್ಣ ಮುಕ್ಕು. ಅದಕ್ಕೂ ಮೊದಲಿನ ಇಪ್ಪತ್ತು ಮೊನೆಗಳನ್ನು ನಾನು ಪಾಸು ಮಾಡಿದ್ದೆ. ಅವನ್ನೂ ಎತ್ತಿ ಗುಜರಿ ಡಬ್ಬಕ್ಕೆ ಸುರಿದರು.

"ಅವು ಚೆನ್ನಾಗೇ ಅದಾವಲ್ಲ ಚಾಚಾ!"

"ಎಲ್ಲಿಂದ ಕೆಡ್ತು ನಂಗೆ ಗೊತ್ತಿಲ್ಲ. ಬೇಗ ಮಾಡಾಕೆ ಹೋದ್ರೆ ಕೆಟ್ಟದ್ದೂ ಬೇಗ ಬೇಗ ಆಗ್ತೈತೆ ತಂಗಿ." ಟೂಲಿಗೆ ಮತ್ತೆ ಸಾಣೆ ಹಿಡಿದು, ಅಲ್ಲಿಂದ ಮುಂದೆ ಪ್ರತಿ ಮೂವತ್ತಕ್ಕೊಮ್ಮೆ ಅದನ್ನು ಪರೀಕ್ಷಿಸತೊಡಗಿದರು.

ನಾಲ್ಕನೆಯ ದಿನ ಎಣ್ಣೆ ಮಿಲ್ಲಿನಿಂದ ಇಬ್ಬರು ಮುರಿದ ಶಾಫ್ಟು ಹೊತ್ತು ಓಡಿ ಬಂದರು. "ಭಾಯ್, ಮಿಲ್ಲು ನಿಂತೈತೆ. ಇದನ್ನ ಈಗ್ಲೇ ಮಾಡ್ಕೊಡ್ರಿ."

"ನಾಳೆ ಮಧ್ಯಾಹ್ನ ಬನ್ರಿ. ಈಗ ಇದನ್ನ ಕಳಚಿದ್ರೆ ಈಕೆ ಕೆಲ್ಸ ಮೊದ್ಲಿಂದ ಆಗ್ತೈತೆ."

"ಮಿಲ್ಲಿಗಿಂತ ಇವು ಹೆಚ್ಚಾ ಭಾಯ್?"

"ಇವ್ರ ಮಗ್ಗಾನೂ ನಿಂತಾವಲ್ಲ," ಎಂದರು ಚಾಚಾ, ದನಿ ಏರಿಸದೆ.

ನನಗೆ ಕಸಿವಿಸಿಯಾಗಿ, "ಅವ್ರದ್ದು ಮಾಡಿಕೊಡ್ರಿ ಚಾಚಾ, ನಾನು ಕಾಯ್ತೀನಿ," ಎಂದೆ. ಅವರು ತಲೆ ಅಲ್ಲಾಡಿಸಿದರು. ಬಂದವರು ಶಾಫ್ಟನ್ನು ಹೊತ್ತುಕೊಂಡು ಹೊರಟುಹೋದರು. ಚಾಚಾ ಸರಳನ್ನು ತಡೆಯವರೆಗೆ ಎಳೆದು, ಬಿಗಿದು, ಮತ್ತೆ ಹಿಡಿಕೆ ತಿರುಗಿಸಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಅಥವಾ ನಾನು ಸರಿಯಾಗಿ ನೋಡಲಿಲ್ಲವೋ...

ಐದನೆಯ ದಿನ ಬೆಳಿಗ್ಗೆ ಮುನ್ನೂರೂ ಮುಗಿದವು. ಚಾಚಾ ತಾವೇ ಚೀಲ ಹಿಡಿದು ನಮ್ಮೂರಿಗೆ ಬಂದರು. ಮೊದಲು ಅತ್ತೆಯ ಲಾಳಿಗೆ ಮೊನೆ ಬಡಿದುಕೊಟ್ಟು, ಗೋಡೆಗೆ ಒರಗಿ ನಿಂತರು. ಅತ್ತೆ ಮುಖ ಗಂಟಿಕ್ಕಿಕೊಂಡೇ ಮಗ್ಗಕ್ಕೆ ಕೂತರು. ಒಂದು ಗೇಣು ನೇಯ್ದರು, ಒಂದೂ ಎಳೆ ಹರಿಯಲಿಲ್ಲ. ಇನ್ನೊಂದು ಗೇಣು ನೇಯ್ದರು. ಆಮೇಲೆ ತಲೆ ಎತ್ತದೆ, "ಬಾಗುಂದಿ," ಎಂದರು. ನಮ್ಮತ್ತೆಯ ಬಾಯಲ್ಲಿ ಚೆನ್ನಾಗಿದೆ ಎಂಬ ಮಾತು ಬರುವುದೇ ಅಪರೂಪ, ಅದೂ ತೆಲುಗಿನಲ್ಲಿ ಬಂತೆಂದರೆ ಮನಸ್ಸಿನಿಂದಲೇ ಬಂದಿದೆ ಎಂದರ್ಥ. ಆಮೇಲೆ ನನ್ನ ಕಡೆ ತಿರುಗಿ, "ಅವರಿಗೆ ಊಟಕ್ಕಿಡು," ಎಂದರು. ವಾರದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಆಮೇಲೆ ಎಷ್ಟೋ ವರ್ಷ ಚಳ್ಳಕೆರೆಗೆ ಹೋದಾಗಲೆಲ್ಲ ಅವರ ಅಂಗಡಿಗೆ ಹೋಗುತ್ತಿದ್ದೆ. ಚಹಾ ತರಿಸುತ್ತಿದ್ದರು. ಮಗ್ಗಗಳನ್ನು ಮನೆಮಂದಿಯಂತೆ ವಿಚಾರಿಸುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮನೆ ಹುಡುಕಿಕೊಂಡು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಾತಿನ ನಡುವೆ ಹೇಳಿದರು, "ನಿನ್ನ ಮೊನೆ ಮಾಡೋವಾಗ ವಾಪಸ್ ಕಳಿಸಿದ್ರಲ್ಲ, ಆ ಮಿಲ್ಲಿನೋರು ಅವತ್ತಿಂದ ಬರ್ಲೇ ಇಲ್ಲಮ್ಮ. ಎಷ್ಟೋ ವರ್ಷದಿಂದ ಬರ್ತಿದ್ದ ಗಿರಾಕಿ. ನಿಂಗೆ ಹೇಳಿರ್ಲಿಲ್ವಾ?"

"ಇಲ್ಲ ಚಾಚಿ," ಎಂದೆ.

"ಯಾಕ್ ಹಂಗೆ ಮಾಡಿದ್ರಿ ಅಂತ ನಾನೂ ಜಗಳ ಆಡಿದ್ದೆ. ‘ಊರಾಗೆ ಹತ್ತು ಲೇತ್ ಐತೆ, ಮಿಲ್ಲಿನೋರು ಎಲ್ಲಿಗಾದ್ರೂ ಹೋಗ್ತಾರೆ. ಈ ಸಣ್ಣ ಮೊನೆ ಕೆಲ್ಸಕ್ಕೆ ಆ ಹೆಣ್ಣುಮಗಳು ಎಲ್ಲಿಗೆ ಹೋಗ್ಬೇಕು?’ ಅಂದಿದ್ರು."

ಅಷ್ಟು ಸಲ ಎದುರಿಗೆ ಕೂತು ಚಹಾ ಕುಡಿದಿದ್ದೆನಲ್ಲ, ಒಂದು ದಿನವಾದರೂ ನಾನೇ ಕೇಳಬಹುದಿತ್ತು...

ಈಗ ಅವರ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ಲೇತನ್ನು ಯಾರು ಒಯ್ದರೋ ಗೊತ್ತಿಲ್ಲ. ನಮ್ಮ ಕೇರಿಯ ಲಾಳಿಗಳಲ್ಲಿ ಅವರ ಮೊನೆಗಳು ಇನ್ನೂ ಹತ್ತಿಪ್ಪತ್ತು ಉಳಿದಿರಬಹುದು. ಅವೂ ಸವೆಯುತ್ತಿವೆ. ಸವೆದ ಮೇಲೆ ಯಾರ ಹತ್ತಿರ ಹೋಗಬೇಕೋ, ನನಗಿನ್ನೂ ತಿಳಿದಿಲ್ಲ.