ದಿಂಬಿನ ಕೆಳಗಿನ ಕುಡುಗೋಲು

ಬಿಪಿ ನೋಡುವಾಗ ಪಕ್ಕದಲ್ಲಿ ಯಾರೂ ಇರಬಾರದು, ಇದ್ದರೆ ಲೆಕ್ಕ ತಪ್ಪಾಗಿ ಬರುತ್ತದೆ ಎಂಬ ಮಾತು ಅರ್ಧ ನಿಜ, ಉಳಿದರ್ಧ ನಾನೇ ಕಟ್ಟಿದ್ದು. ಹಾರಂಗಿ ಹಿನ್ನೀರಿನ ಸುತ್ತಲ ಊರುಗಳಲ್ಲಿ ಅದೀಗ ಶಾಸ್ತ್ರವೇ ಆಗಿಬಿಟ್ಟಿದೆ. ನಾನು ಚೀಲದಿಂದ ಬಿಪಿ ಪಟ್ಟಿ ತೆಗೆದರೆ ಸಾಕು, ಅತ್ತೆಯರು ತಾವಾಗಿಯೇ ಎದ್ದು ಹೊರಗೆ ಹೋಗುತ್ತಾರೆ, ಹೋಗುವಾಗ ಟಿವಿಯನ್ನೂ ಆರಿಸುತ್ತಾರೆ. ಬಸುರಿಯೊಬ್ಬಳು ಅವಳ ಮನೆಯಲ್ಲೇ ಒಂಟಿಯಾಗಿ ಮಾತಿಗೆ ಸಿಗಬೇಕೆಂದರೆ ನನಗೆ ಬೇರೆ ದಾರಿ ತೋಚಿರಲಿಲ್ಲ. ಅತ್ತೆ ಎದುರಿಗಿದ್ದರೆ ಸೊಸೆಯನ್ನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡುತ್ತಾರೆ. ಊಟ ಸೇರುತ್ತಾ? ಸೇರುತ್ತೆ. ನಿದ್ದೆ? ಬರುತ್ತೆ. ಬೇಜಾರು? ಏನ್ ಬೇಜಾರು, ಟಿವಿ ಐತೆ.

ನಾನು ಅಲ್ಲಿಯ ಉಪಕೇಂದ್ರದ ನರ್ಸ್. ಬಸುರಿಯರ ತೂಕ, ರಕ್ತ, ಬಿಪಿಯ ಜೊತೆಗೆ ಅವರ ಮನಸ್ಸನ್ನೂ ವಿಚಾರಿಸಬೇಕೆಂದು ತರಬೇತಿಯಲ್ಲಿ ಒಂದಿಷ್ಟು ಪ್ರಶ್ನೆಗಳನ್ನು ಕಲಿಸಿದ್ದರು. ಅವನ್ನು ಕನ್ನಡಕ್ಕೆ ಇಳಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ‘ದೈನಂದಿನ ಚಟುವಟಿಕೆಗಳಲ್ಲಿ ತಮ್ಮ ಆಸಕ್ತಿಯು ಕುಂಠಿತಗೊಂಡಿದೆಯೇ?’ ಎಂದು ಕೇಳಿದರೆ ಬಸುರಿ ಹಾಗಿರಲಿ, ನಾನೇ ಎದ್ದು ಓಡುತ್ತೇನೆ. ನಾನು ಕೇಳುವ ರೀತಿಯೇ ಬೇರೆ. ತಲೆ ಬಾಚಿಕೊಳ್ಳಬೇಕು ಅನ್ನಿಸುತ್ತಾ? ತವರಿನಿಂದ ಫೋನ್ ಬಂದರೆ ಮಾತು ಹೊರಡುತ್ತಾ? ಕೊನೆಯ ಪ್ರಶ್ನೆಯನ್ನು ಮಾತ್ರ ಸುತ್ತಿ ಬಳಸದೆ ಕೇಳಿಬಿಡುತ್ತೇನೆ, ಸಾಯಬೇಕು ಅನ್ನಿಸುತ್ತಾ ಎಂದು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂದು ನನ್ನ ಜೊತೆ ಕೆಲಸ ಮಾಡುವವರೇ ಹೆದರುತ್ತಾರೆ. ಇಲ್ಲದ್ದು ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ ಅಷ್ಟೆ.

ನಾನೀಗ ಹೇಳಹೊರಟಿರುವ ಹುಡುಗಿ ಶನಿವಾರಸಂತೆ ಕಡೆಯವಳು. ಹಿಂದೆಂದೋ ಹಾಸನದಿಂದ ಬಂದು ಹಿನ್ನೀರಿನ ದಂಡೆಯಲ್ಲಿ ನೆಲೆಸಿದ ಒಕ್ಕಲು ಮನೆಗೆ ಅವಳನ್ನು ಕೊಟ್ಟಿದ್ದರು. ಮನೆಯಲ್ಲಿ ಅವಳು, ಗಂಡ, ಗಂಡ ತೀರಿಕೊಂಡ ಅತ್ತೆ, ಇಷ್ಟೇ ಜನ. ಹಿಂದಿನ ವರ್ಷ ಮೊದಲ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಈಗ ಮತ್ತೆ ಏಳು ತಿಂಗಳ ಬಸುರಿ. ಮಳೆಗಾಲ ಹಿಡಿದುಕೊಂಡಿತ್ತು, ಜಲಾಶಯ ತುಂಬುತ್ತಾ ಬಂದು ನೀರು ಅವರ ಹೊಲದ ಬದುವಿನ ಹತ್ತಿರಕ್ಕೆ ಏರಿತ್ತು.

ಅತ್ತೆ ಎಂದಿನಂತೆ ಹೊರಗೆ ಹೋದರು. ಹುಡುಗಿ ಮಂಚದ ಮೇಲೆ ಕೂತು ತೋಳು ಚಾಚಿದಳು. ನೀರಿನ ಕಡೆಯ ಕಿಟಕಿಯನ್ನು ಮುಚ್ಚಿ, ಸಂದಿಗೆ ಬಟ್ಟೆ ತುರುಕಿದ್ದಳು. ನಾನು ಒಂದೊಂದಾಗಿ ಕೇಳುತ್ತಾ ಹೋದೆ. ಅವಳು ಹೂಂ, ಉಹೂಂ ಅನ್ನುತ್ತಾ ಇದ್ದವಳು ತಟ್ಟನೆ ತಲೆ ಎತ್ತಿ, “ಈಗ ನಿಮ್ಗೂ ಕೇಳುಸ್ತಾ, ಸಿಸ್ಟರ್?” ಎಂದಳು.

ನಾನು ಕಿವಿಗೊಟ್ಟೆ. ಮಳೆ ಬಿಟ್ಟು ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ದೂರದ ಗದ್ದೆಯಲ್ಲಿ ಯಾರದೋ ಟಿಲ್ಲರ್ ಓಡುತ್ತಿತ್ತು. ಬೇರೇನೂ ಇಲ್ಲ, ನಿನಗೇನು ಕೇಳಿಸುತ್ತಿದೆ ಎಂದೆ.

“ಮಗು ಅಳ್ತಾ ಐತೆ. ನೀರು ಏರ್ದಾಗಿಂದ ಅಳ್ತಾನೇ ಐತೆ. ಎಲ್ಲಿ ಹೂತವ್ರೆ ಅಂತ ನಂಗ್ಯಾರೂ ಹೇಳಿಲ್ಲ. ನೀರಿನ್ ಕಡೀಕೆ ಎತ್ಕೊಂಡೋದ್ರು ಅಂತ ಗೊತ್ತು ಅಷ್ಟೆ. ಈಗ ಅದು ನೆನೀತಾ ಇರ್ಬೇಕು.”

ಆ ಕಡೆಯ ಕೆಲವು ಮನೆಗಳಲ್ಲಿ ಇದೊಂದು ರೂಢಿ. ಎಳೆಗೂಸು ಸತ್ತರೆ ಸುಡುವುದಿಲ್ಲ, ಹೂಳುತ್ತಾರೆ. ಗಂಡಸರು ಎತ್ತಿಕೊಂಡು ಹೋಗಿ, ಕೈಕಾಲು ತೊಳೆದುಕೊಂಡು ಬರುತ್ತಾರೆ. ತಾಯಿಗೆ ಜಾಗ ಹೇಳುವುದಿಲ್ಲ. ಹೇಳಿದರೆ ಅವಳು ಹೋಗಿ ಅಲ್ಲೇ ಕೂರುತ್ತಾಳೆ, ಮುಂದಿನ ಬಸುರಿಗೆ ಕೇಡು ಎಂಬ ಭಯ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಆದರೆ ಹೇಳದೆ ಬಿಟ್ಟ ಜಾಗವನ್ನು ಅವಳು ಮನಸ್ಸಿನಲ್ಲೇ ಹುಡುಕಿಕೊಂಡು ನೀರಿನೊಳಗೆ ಇಟ್ಟಿದ್ದಳು.

ಕೊನೆಯ ಪ್ರಶ್ನೆ ಕೇಳಿದೆ. ಅವಳು ಪಕ್ಕಕ್ಕೆ ಬಾಗಿ ದಿಂಬು ಎತ್ತಿದಳು. ಕೆಳಗೆ ಕುಡುಗೋಲಿತ್ತು. ಬಸುರಿಗೆ ಗಾಳಿ ಸೋಕಬಾರದೆಂದು ತಲೆದೆಸೆಯಲ್ಲಿ ಕಬ್ಬಿಣ ಇಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಭಾಗಮಂಡಲ ಕಡೆಯ ನಮ್ಮ ಮನೆಯಲ್ಲೂ ಇಟ್ಟಿದ್ದರು. ಅವೆಲ್ಲ ತುಕ್ಕು ಹಿಡಿದ ಮೊಳೆ, ಹಳೆಯ ಬೀಗ. ಇದರ ಬಾಯಿ ಹೊಸದಾಗಿ ಮಸೆದು ಫಳಫಳ ಹೊಳೆಯುತ್ತಿತ್ತು.

“ಅತ್ತೆ ಮಡ್ಗವ್ರೆ. ಅಳು ಜಾಸ್ತಿ ಆದಾಗ ಕೈ ತಾನಾಗೇ ಇಲ್ಲಿಗೆ ಬತ್ತದೆ. ಅದ್ರ ತಾವಕ್ಕೆ ಹೋಗ್ಬಿಡಣ ಅನ್ಸುತ್ತೆ.”

ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇಕೆ. ಇದನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡು ಹೋಗುವಂತಿಲ್ಲ, ನಾಳೆಯೇ ಮಡಿಕೇರಿಯ ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ, ಮನೆಯವರಿಗೂ ಹೇಳಬೇಕು ಎಂದೆ. ಕುಡುಗೋಲಿನ ವಿಷಯ ಬೇಕಾದರೆ ಹೇಳಿ, ಅಳುವಿನ ವಿಷಯ ಮಾತ್ರ ಅತ್ತೆಗೆ ಬೇಡ ಎಂದಳು. ಹೇಳಿದರೆ ಮಂತ್ರಿಸುವವರನ್ನು ಕರೆಸುತ್ತಾರೆಂಬ ಭಯ ಅವಳಿಗೆ. ಅವಳನ್ನು ಕಣ್ಣಿಗೆ ಕಾಣುವಂತೆ ಹಿಂದಿನ ಜಗಲಿಯಲ್ಲಿ ಕೂರಿಸಿ, ಬಿಪಿ ಪಟ್ಟಿಯ ಜೊತೆ ಕುಡುಗೋಲನ್ನೂ ಚೀಲಕ್ಕೆ ಹಾಕಿಕೊಂಡು ಹಿತ್ತಲಿಗೆ ನಡೆದೆ.

ಅತ್ತೆ ಬಚ್ಚಲ ಒಲೆಗೆ ಸೌದೆ ಒಟ್ಟುತ್ತಿದ್ದರು. ಚೀಲದಿಂದ ಕುಡುಗೋಲು ಹೊರಬಂದದ್ದು ನೋಡಿ ಅವರ ಮುಖ ಸಣ್ಣಗಾಯಿತು. ಮಸೆದದ್ದು ಯಾಕೆ ಎಂದು ಕೇಳಿದೆ.

“ತುಕ್ಕು ಹಿಡ್ದಿರೋದಕ್ಕೆ ಅದು ಹೆದ್ರಲ್ಲ ನರ್ಸಮ್ಮ. ನಂಗೆ ಗೊತ್ತು,” ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂಢನಂಬಿಕೆ ಎಂಬ ಪದ ನಾಲಿಗೆಯವರೆಗೂ ಬಂದಿತ್ತು, ನುಂಗಿಕೊಂಡೆ. ಆ ಪದ ಆಡಿದರೆ ಇಂಥ ಮನೆಯವರು ಜಗಳವಾಡುವುದಿಲ್ಲ, ಕಾಫಿ ಕೊಟ್ಟು ಕಳಿಸುತ್ತಾರೆ. ಕುಡುಗೋಲು ಮಾತ್ರ ದಿಂಬಿನ ಕೆಳಗಿನಿಂದ ಹಾಸಿಗೆಯ ಕೆಳಕ್ಕೆ ಹೋಗುತ್ತದೆ. ಅದಕ್ಕೇ ಬೇರೆ ಥರ ಕೇಳಿದೆ. “ಅದಕ್ಕೆ ಭಯ ಇರೋದು ಕಬ್ಬಿಣದ್ದೋ, ಹರಿತದ್ದೋ, ಅಮ್ಮ?”

ಅವರು ಯೋಚಿಸಿದರು. ಕಬ್ಬಿಣದ್ದೇ ಇರಬೇಕು ಎಂದರು. ಹಾಗಾದರೆ ಹರಿತವಾದದ್ದು ಯಾವುದೂ ಅವಳ ಕೈಗೆ ಸಿಗಬಾರದು, ಬೆಳೆಗೆ ಹೊಡೆಯುವ ಔಷಧಿಯೂ ಸಿಗಬಾರದು, ಅವಳನ್ನು ಒಬ್ಬಳನ್ನೇ ಬಿಡಬಾರದು ಎಂದು ನೇರವಾಗಿ ಹೇಳಿದೆ. ಅವರ ಕೈಯಲ್ಲಿದ್ದ ಸೌದೆ ಅರ್ಧಕ್ಕೇ ನಿಂತಿತು. ಯಾಕೆ ಎಂದು ಕೇಳಲಿಲ್ಲ. ಜಗಲಿಯಲ್ಲಿದ್ದ ಸೊಸೆಯನ್ನೂ ನೋಡಲಿಲ್ಲ, ನೀರಿನ ಕಡೆ ನೋಡುತ್ತಾ ನಿಂತರು. ಆಮೇಲೆ ಕುಡುಗೋಲನ್ನು ಔಷಧಿ ಡಬ್ಬಗಳ ಜೊತೆ ಕೊಟ್ಟಿಗೆಯ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಅಡುಗೆಮನೆಯಿಂದ ಕಬ್ಬಿಣದ ದೋಸೆ ಕಾವಲಿ ತಂದು ಮಂಚದ ಕೆಳಗಿಟ್ಟರು. ಹೆರಿಗೆಯಾಗುವ ತನಕ ಆ ಮನೆಯ ಗಂಡಸಿಗೆ ದೋಸೆಯ ಭಾಗ್ಯವಿರಲಿಲ್ಲ. ಕಾವಲಿ ಒಂದೇ ಸಾಲದು, ನೀವೂ ಅಲ್ಲೇ ಮಲಗಿ ಎಂದಿದ್ದೆ, ಅಂದಿನಿಂದ ಸೊಸೆಯ ಪಕ್ಕದಲ್ಲೇ ಮಲಗಿದರು.

ಮಡಿಕೇರಿಯ ಡಾಕ್ಟರು ಹುಡುಗಿಯ ಮಾತನ್ನು ಪೂರ್ತಿ ಕೇಳಿ, ಬಸುರಿಗೆ ಹೊಂದುವ ಮಾತ್ರೆ ಬರೆದರು. ಅವಳನ್ನು ಕೇಳಿಕೊಂಡೇ ಗಂಡನನ್ನು ಒಳಗೆ ಕರೆದು, ಮಗುವನ್ನು ಹೂತ ಜಾಗವನ್ನು ಇವಳಿಗೆ ತೋರಿಸಿ ಎಂದರು. ಅವನು ಆಮೇಲಿನ ವಾರ, ಮಳೆ ಬಿಟ್ಟು ಹೊಳವಾದ ಒಂದು ಮಧ್ಯಾಹ್ನ, ಅವಳನ್ನು ಕರೆದುಕೊಂಡು ಹೋದ. ಅವಳು ಬನ್ನಿ ಅಂದದ್ದಕ್ಕೆ ನಾನೂ ಹಿಂದೆ ಹೋದೆ. ಹೊಲದಾಚೆಯ ದಿಬ್ಬದಲ್ಲಿ ದಟ್ಟ ಹೊಂಗೆಮರ, ಅದರ ಬುಡದಲ್ಲಿ ಕಲ್ಲುಗಳು. ನೀರು ಎಲ್ಲೋ ಕೆಳಗಿತ್ತು. ಅವಳು ಬಸುರಿನ ಭಾರದಲ್ಲಿ ಮೆಲ್ಲಗೆ ಕೂತು, ಕಲ್ಲು ಸರಿಸಿ, ಕೆಳಗಿನ ಮಣ್ಣು ಮುಟ್ಟಿ ನೋಡಿದಳು. ‘ಒಣಗೈತೆ’ ಎಂದಳು. ಗಂಡ ಮರಕ್ಕೆ ಮುಖ ಮಾಡಿ ಅತ್ತ.

ಆಮೇಲೆ ವಾರವಾರವೂ ಅವಳನ್ನು ನೋಡಿ ಬರುತ್ತಿದ್ದೆ. ಅಳು ನಿಧಾನವಾಗಿ ದೂರವಾಯಿತು ಎಂದಳು. ಮಾತ್ರೆಯಿಂದಲೋ, ಒಣಮಣ್ಣಿನಿಂದಲೋ ನನಗೆ ತಿಳಿಯದು. ಎರಡೂ ಇರಬಹುದು ಎಂದರು ಡಾಕ್ಟರು. ನನಗೆ ಮಾತ್ರ ಹೊಸ ಕಾಟ ಶುರುವಾಯಿತು. ಹಿನ್ನೀರಿನ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಎಂಜಿನ್ ಆರಿಸಿ ಕಿವಿಗೊಡುವುದು ಅಭ್ಯಾಸವಾಗಿಬಿಟ್ಟಿದೆ. ಅಂದು ಆ ಕೋಣೆಯಲ್ಲಿ ನನಗೇನೂ ಕೇಳಿಸಿರಲಿಲ್ಲ. ಕೇಳಿಸಿರಲಿಲ್ಲ ಎಂದೇ ಈಗಲೂ ನನಗೆ ನಾನು ಹೇಳಿಕೊಳ್ಳುತ್ತೇನೆ.

ಹೆಣ್ಣುಮಗು ಹುಟ್ಟಿತು, ಚೆನ್ನಾಗಿದೆ. ಚುಚ್ಚುಮದ್ದಿನ ದಿನ ಅತ್ತೆ ಸೊಸೆ ಇಬ್ಬರೂ ಉಪಕೇಂದ್ರಕ್ಕೆ ಬಂದರು. ಮಗುವಿನದ್ದು ಮುಗಿಸಿ ಕೈ ತೊಳೆಯುತ್ತಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತು ಸೆರಗು ಸರಿಸಿ, ನನಗೂ ಬಿಪಿ ನೋಡಿ ಎಂದು ತೋಳು ಚಾಚಿದರು. ಆಮೇಲೆ ಸೊಸೆಯ ಕಡೆ ತಿರುಗಿ, “ನೀನು ಮಗೀನ ಎತ್ಕೊಂಡು ಆಚೆ ಹೋಗು. ಪಕ್ದಲ್ಲಿ ಯಾರಾನಾ ಇದ್ರೆ ಲೆಕ್ಕ ತಪ್ತದೆ,” ಎಂದರು.

ಬಾಗಿಲು ಮುಚ್ಚಿತು. ನಾನು ಪಟ್ಟಿ ಸುತ್ತಿದೆ, ಗಾಳಿ ತುಂಬದೆ ಅವರ ಎದುರಿಗೆ ಕೂತೆ.

“ಅವ್ಳು ಹೇಳ್ದೇ ಇದ್ರೂ ನಂಗೆ ಗೊತ್ತಾಯ್ತು ನರ್ಸಮ್ಮ. ಕಿಟಕಿಗೆ ಬಟ್ಟೆ ತುರ್ಕಿದ್ಲಲ್ಲ, ನಾನೂ ಹಂಗೇ ತುರುಕ್ತಿದ್ದೆ. ನನ್ ಮಗನಿಗಿಂತ ಮುಂಚೆ ಒಂದಿತ್ತು. ಅದಿನ್ನೂ ಅಳ್ತದೆ.”

ನಿಮ್ಮದನ್ನು ಹೂತದ್ದೆಲ್ಲಿ ಎಂದು ಕೇಳೋಣ, ಡಾಕ್ಟರನ್ನೂ ನೋಡೋಣ ಎಂದೆ. ಅವರು ಸಣ್ಣಗೆ ನಕ್ಕರು.

“ಯಾರ್ನ ಕೇಳನ? ಹೂತೋರು ನಮ್ ಮಾವ, ನಮ್ ಯಜಮಾನ್ರು. ಇಬ್ರೂ ಜಾಗ ಹೇಳ್ದೇನೇ ಹೋದ್ರು.”

ಹೊರಗೆ ಚುಚ್ಚಿಸಿಕೊಂಡ ನೋವಿಗೆ ಮಗು ಮತ್ತೆ ಅಳತೊಡಗಿತು. ಅವರು ಬೆಚ್ಚಿ ಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕೈ ಹಿಡಿದುಕೊಂಡರು.

“ಇದು ನಿಮ್ಗೂ ಕೇಳುಸ್ತಾ ಐತಲ್ವಾ?”

ಕೇಳಿಸುತ್ತಿದೆ ಅಮ್ಮ ಎಂದೆ.