ಬಂಗಡೆಯ ಪರ ಮತ್ತು ವಿರೋಧ

ಪರೋಪಕಾರಕ್ಕೆ ಇಷ್ಟೊಂದು ಹಾಳೆಗಳು ಬೇಕಾಗುತ್ತವೆ ಎಂಬುದು ನನಗೆ ಮೊದಲು ತಿಳಿದಿರಲಿಲ್ಲ. ಹೊರದೇಶದ ವೃತ್ತಿಶಿಕ್ಷಣ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತುಕತೆಯ ಅಭ್ಯಾಸ ಮಾಡಿಸುವ ಆನ್‌ಲೈನ್ ಬಳಗವೊಂದಕ್ಕೆ ಸ್ವಯಂಸೇವಕಿಯಾಗಿ ಸೇರಿದ ದಿನವೇ ನನಗೆ ಹನ್ನೆರಡು ವಾರಗಳ ಹನ್ನೆರಡು ವಿಷಯಪಟ್ಟಿಗಳು ಬಂದವು. ಮೊದಲ ವಾರ, ನಿಮ್ಮ ಮೆಚ್ಚಿನ ರಜಾತಾಣ. ಎರಡನೆಯ ವಾರ, ವಿಮಾನ ತಡವಾದರೆ ನೀವೇನು ಮಾಡುತ್ತೀರಿ. ಮೂರನೆಯ ವಾರ, ಸಾಕಲು ನಾಯಿ ಮೇಲೋ ಬೆಕ್ಕು ಮೇಲೋ. ಇವನ್ನು ಬರೆದವರು ಕಲಿಯುವವರ ಮುಖವನ್ನು ಒಮ್ಮೆಯಾದರೂ ನೋಡಿದ್ದರೆ ಆ ವಿಮಾನವನ್ನು ಅಲ್ಲಿಂದ ಎಬ್ಬಿಸಿಬಿಡುತ್ತಿದ್ದರು.

ನನ್ನ ಪಾಲಿಗೆ ಬಂದ ವಿದ್ಯಾರ್ಥಿನಿ ಇಂಡೋನೇಷ್ಯಾದ ಒಂದು ಕಡಲೂರಿನವಳು. ವಯಸ್ಸು ಹತ್ತೊಂಬತ್ತು. ಮೀನು ಕೆಡದಂತೆ ಇಡುವ, ಶೀತಲಗೃಹ ನೋಡಿಕೊಳ್ಳುವ ವಿದ್ಯೆಯನ್ನು ಎರಡು ವರ್ಷದಿಂದ ವೃತ್ತಿಶಾಲೆಯಲ್ಲಿ ಕಲಿಯುತ್ತಿದ್ದಳು. ಮೊದಲ ಭೇಟಿಯಲ್ಲೇ ತನಗೆ ಬೇಕಾದದ್ದನ್ನು ಹರಕುಮುರುಕು ಇಂಗ್ಲಿಷಿನಲ್ಲಿ ತಿಳಿಸಿದಳು. ಮೀನು ರಫ್ತು ಮಾಡುವ ಕಂಪನಿಯೊಂದು ಅವಳ ಶಾಲೆಯಿಂದ ಒಬ್ಬರನ್ನು ಮಾತ್ರ ಗುಣಮಟ್ಟ ಪರೀಕ್ಷಕರ ತರಬೇತಿಗೆ ಆರಿಸಿಕೊಳ್ಳಲಿತ್ತು. ಸಂದರ್ಶನ ಇಂಗ್ಲಿಷಿನಲ್ಲಿ. ಸಿಕ್ಕರೆ ಅವಳು ಬಿಳಿ ಕೋಟು ತೊಟ್ಟು ಮೀನಿನ ಪೆಟ್ಟಿಗೆಗಳನ್ನು ಒಪ್ಪುವವಳು, ತಿರಸ್ಕರಿಸುವವಳು. ಸಿಗದಿದ್ದರೆ ಅಕ್ಕ ಈಗಾಗಲೇ ನಿಂತಿರುವ ಸಿಗಡಿ ಸುಲಿಯುವ ಸಾಲಿನಲ್ಲಿ ಅಕ್ಕನ ಪಕ್ಕದಲ್ಲೇ ಅವಳ ಜಾಗ. ಅಕ್ಕನ ಬೆರಳುಗಳ ತುದಿಯ ಚರ್ಮ ಹೇಗಾಗಿದೆ ಎಂಬುದನ್ನು ಹೇಳಲು ಅವಳ ಬಳಿ ಶಬ್ದವಿರಲಿಲ್ಲ. ತನ್ನ ಬೆರಳುಗಳನ್ನು ಕ್ಯಾಮೆರಾದ ಮುಂದೆ ಹಿಡಿದು, ಅಕ್ಕನವು ಹೀಗಿಲ್ಲ ಎಂಬಂತೆ ತಲೆಯಾಡಿಸಿದಳು. ಇಂಥವಳ ಹತ್ತಿರ ನಾನು ಬೆಕ್ಕಿನ ಸುದ್ದಿ ಎತ್ತಬೇಕಿತ್ತು.

ಬಳಗದ ಮಾಸಿಕ ಸಭೆಗಳ ಬಗ್ಗೆ ಎಷ್ಟು ಕಡಿಮೆ ಹೇಳಿದರೆ ಅಷ್ಟು ಒಳ್ಳೆಯದು, ಆದರೂ ಹೇಳುತ್ತೇನೆ. ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣುವಂತೆ ಕುರ್ಚಿ ಸರಿಪಡಿಸಿಕೊಳ್ಳುವುದರಲ್ಲೇ ಸ್ವಯಂಸೇವಕರ ಅರ್ಧ ಸಭೆ ಮುಗಿಯುತ್ತಿತ್ತು. ಉಳಿದರ್ಧ, ತಾವು ತಿದ್ದಿದ ಉಚ್ಚಾರಗಳ ವರದಿ. ಕೊನೆಗೆ ಒಬ್ಬರಲ್ಲ ಒಬ್ಬರು ಕಣ್ಣು ತೇವ ಮಾಡಿಕೊಂಡು, "ನಿಜವಾಗಿ ನೋಡಿದರೆ ಅವರಿಂದ ನಾವೇ ಹೆಚ್ಚು ಕಲಿಯುತ್ತೇವೆ" ಎನ್ನುತ್ತಿದ್ದರು. ಏನು ಕಲಿತಿರಿ ಎಂದು ನಾನೊಮ್ಮೆ ಕೇಳಿದೆ. ಎಲ್ಲರ ಮೈಕುಗಳೂ ಒಮ್ಮೆಗೇ ಮುಚ್ಚಿಕೊಂಡವು.

ಹೀಗೆ ಕೇಳುವ ಅಧಿಕಾರ ನನಗಿದೆಯೆಂದು ನಾನು ನಂಬಿದ್ದೆ. ಅಂಕೋಲೆಯ ಮನೆಯಿಂದ ದಿನವೂ ಬಸ್ಸು ಹಿಡಿದು ಕಾರವಾರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಚರ್ಚಾಸ್ಪರ್ಧೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ನಾನೇ ಗೆದ್ದ ಫಲಕಗಳು ಮನೆಯ ಗೋಡೆಯ ಮೇಲಿವೆ. ಯಾವುದೇ ಸಂಗತಿಯ ಎರಡೂ ಬದಿಗಳನ್ನು ನೋಡಬಲ್ಲವನು ಮಾತ್ರ ಸ್ವತಂತ್ರ ಮನುಷ್ಯ ಎಂಬುದನ್ನು ನಾನು ಹದಿನೆಂಟರ ವಯಸ್ಸಿನಲ್ಲಿ ನಂಬಿದೆ, ಈಗಲೂ ಬಹುಮಟ್ಟಿಗೆ ನಂಬುತ್ತೇನೆ.

ವಿಷಯಪಟ್ಟಿಗಳನ್ನು ಬದಿಗಿಟ್ಟು ನನ್ನದೇ ಪಾಠ ಶುರುಮಾಡಿದೆ. ಪ್ರತಿ ಶನಿವಾರ ಸಂಜೆ ಅವಳಿಗೆ ಒಂದು ಪ್ರಶ್ನೆ. ಅವಳು ಮೊದಲು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಹೇಳಬೇಕು, ಬಳಿಕ ಪರವಾಗಿ ಎರಡು ಅಂಶ, ವಿರೋಧವಾಗಿ ಎರಡು ಅಂಶ, ಕೊನೆಗೆ ಸಮತೋಲನದ ಒಂದು ವಾಕ್ಯ. ಶಾಲೆಗೆ ಮೊಬೈಲ್ ತರಬಹುದೇ? ಹಳ್ಳಿ ಲೇಸೋ ಪಟ್ಟಣ ಲೇಸೋ? ಐದು ವಾರಗಳಲ್ಲಿ ಅವಳು ತಡವರಿಸದೆ ಎರಡು ನಿಮಿಷ ಮಾತಾಡತೊಡಗಿದಳು. ಧ್ವನಿಮುದ್ರಣ ಕೇಳಿದ ಬಳಗದ ಸಂಯೋಜಕರು ಅದನ್ನು ಇಡೀ ಬಳಗಕ್ಕೆ ಮಾದರಿಯಾಗಿ ಕಳಿಸಿದರು. ಆ ಕಪಾಟುಗಳ ಮುಂದೆ ಕುಳಿತವರೆಲ್ಲ ನನ್ನ ಪಾಠ ಕೇಳಬೇಕಾಗಿ ಬಂದದ್ದು ನನಗೆ ಬಹಳ ಹಿತವಾಗಿತ್ತು.

ಮೊದಲ ಸುತ್ತಿನ ಸಂದರ್ಶನ ಶಾಲೆಯಲ್ಲೇ ನಡೆಯಿತು. ಐಸಿನಲ್ಲಿಟ್ಟ ಬಂಗಡೆ ಮೀನಿನ ಒಂದು ಪೆಟ್ಟಿಗೆಯನ್ನು ಅವಳ ಮುಂದಿಟ್ಟು, ಇದನ್ನು ಒಪ್ಪುತ್ತೀಯಾ ಎಂದು ಕೇಳಿದರಂತೆ. ಅವಳು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಮತ್ತೊಮ್ಮೆ ಹೇಳಿದಳು. ಒಂದು ಕಡೆಯಿಂದ ನೋಡಿದರೆ ಕಣ್ಣುಗಳು ಹೊಳೆಯುತ್ತಿವೆ ಎಂದಳು. ಇನ್ನೊಂದು ಕಡೆಯಿಂದ ನೋಡಿದರೆ ಹೊಟ್ಟೆ ಮೆತ್ತಗಾಗಿದೆ ಎಂದಳು. ಎರಡೂ ಅಭಿಪ್ರಾಯಗಳಿಗೆ ತಕ್ಕ ಆಧಾರಗಳಿವೆ ಎಂದು ಮುಗಿಸಿದಳು. ಇಂಗ್ಲಿಷ್ ಬಹಳ ಚೆನ್ನಾಗಿದೆ, ಆದರೆ ಪೆಟ್ಟಿಗೆಯನ್ನು ಹಡಗಿಗೆ ಏರಿಸಬೇಕೋ ಬೇಡವೋ ತಿಳಿಯಲಿಲ್ಲ ಎಂದು ಶಾಲೆಯವರು ಅವಳನ್ನು ಕಾಯುವ ಪಟ್ಟಿಯಲ್ಲಿಟ್ಟರು. ಹತ್ತು ದಿನದ ಬಳಿಕ ಕಂಪನಿಯವರು ಬಂದಾಗ ಇನ್ನೊಂದೇ ಅವಕಾಶ.

ಇದನ್ನೆಲ್ಲ ಅವಳು ನನಗೆ ಬರೆದು ತಿಳಿಸಿದಳು. ಕೊನೆಯಲ್ಲಿ, ನೀವು ಕಲಿಸಿದ್ದರಿಂದ ಎರಡು ನಿಮಿಷ ಪೂರ್ತಿ ಮಾತಾಡಿದೆ ಎಂದು ಧನ್ಯವಾದ ಬೇರೆ.

ನನ್ನ ಮೊದಲ ಪ್ರತಿಕ್ರಿಯೆ ಹೇಳಿಕೊಳ್ಳುವಂಥದ್ದಲ್ಲ. ಪ್ರಶ್ನೆ ಅಸ್ಪಷ್ಟವಾಗಿತ್ತೆಂದು ಸಾಧಿಸುವ ಪತ್ರವೊಂದನ್ನು ಆ ಶಾಲೆಗೆ ಬರೆಯಲು ಕುಳಿತೆ. ಮೂರು ಅಂಶಗಳಾದವು. ಮೂರೂ ಪ್ರಬಲವಾಗಿದ್ದವು. ನಾಲ್ಕನೆಯದನ್ನು ಯೋಚಿಸುತ್ತಿದ್ದಾಗ ಬೆಳಗಿನ ಮೀನಿನವಳು ಅಂಗಳದಲ್ಲಿ ಬುಟ್ಟಿ ಇಳಿಸಿ ಕೂಗಿದಳು.

ಅವಳು ಹತ್ತಿರದ ಕೇಣಿ ಎಂಬ ಊರಿನವಳು, ನನಗಿಂತ ಹತ್ತು ವರ್ಷ ಹಿರಿಯಳು. ನಾನು ಕಲಿಸುವವಳಾದ್ದರಿಂದ ಅವಳಿಗೆ ಅಕ್ಕೋರು. ನಾನು ಅವಳನ್ನು, ನಮ್ಮ ಕಡೆ ಹೆಂಗಸರನ್ನು ಕರೆಯುವಂತೆ, ಬಾಯಿ ಎನ್ನುತ್ತೇನೆ. ಅವಳ ಬುಟ್ಟಿಯ ತಳದಲ್ಲಿ ಹಿಂದಿನ ದಿನದ ಮೀನು ಇರುತ್ತದೆಂಬುದು ಇಡೀ ಕೇರಿಗೆ ಗೊತ್ತು.

"ಬಾಯೀ, ಒಂದು ಪೆಟ್ಟಿಗೆ ಬಂಗಡೆ ಉಂಟು. ಕಣ್ಣು ಚಲೋ ಹೊಳೀತದೆ, ಹೊಟ್ಟೆ ಮೆತ್ತಗದೆ. ನೀ ಎಂತಾ ಹೇಳ್ತೆ?"

"ಬ್ಯಾಡ ಹೇಳ್ತೆ."

"ಅಷ್ಟೇಯಾ?"

"ಮತ್ತೆಂತಾ ಅಕ್ಕೋರೇ, ಹೊಟ್ಟೆ ಮೆತ್ತಗಿದ್ದ ಮೀನಿಗೆ ಭಾಷಣ ಮಾಡೂದಾ?"

"ದೊಡ್ಡ ಮಾತಾಡ್ಬೇಡ. ನಿನ್ನ ಬುಟ್ಟಿ ಅಡೀಗೆ ನಿನ್ನೆ ಮೀನು ಇಲ್ವಾ? ಕೇಳಿದ್ರೆ ತಾಜಾ ಅಂತೀ ಅಲ್ಲಾ?"

ಅವಳು ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. "ಇದ್ರೆ ಇರ್ಲಿ. ಸುಳ್ಳು ಹೇಳಿದ್ರೂ ನಾ ಒಂದೇ ಹೇಳ್ತೆ. ನಿಮ್ಮ ಹಾಂಗೆ ಎರಡೆರಡು ಹೇಳೂದಿಲ್ಲ."

ಆ ಪತ್ರವನ್ನು ನಾನು ಕಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ವಿದ್ಯಾರ್ಥಿನಿಯನ್ನು ಫೋನಿನಲ್ಲಿ ಕರೆದು, ಫೋನನ್ನು ಅಂಗಳದ ಕಟ್ಟೆಗೆ ಆನಿಸಿ ನಿಲ್ಲಿಸಿದೆ. ಹುಡುಗಿಯ ಕತೆಯನ್ನು ನನ್ನಿಂದ ಮೊದಲೇ ಕೇಳಿದ್ದ ಮೀನಿನವಳು ತಟ್ಟೆಯಲ್ಲಿ ಮೂರು ಬಂಗಡೆ ಇಟ್ಟಳು. ಒಂದನ್ನು ಆಯ್ದು ತೋರಿಸು ಎಂದು ನಾನು ಹೇಳಿದರೆ, ಬೇಕೆಂದೇ ತಳದಿಂದ ತೆಗೆದದ್ದನ್ನು ಎತ್ತಿ ಹಿಡಿದಳು. ಒಪ್ಪುತ್ತೀಯಾ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು, ನಾನು ಕಲಿಸಿದಂತೆಯೇ ಶುರುಮಾಡಿದಳು.

"ಎಂತಾ ಹೇಳ್ತದೆ ಅದು?" ಮೀನಿನವಳು ಕೇಳಿದಳು.

"ಒಂದು ಕಡೆಯಿಂದ ನೋಡಿದ್ರೆ ಚಲೋ, ಇನ್ನೊಂದು ಕಡೆಯಿಂದ ನೋಡಿದ್ರೆ ಚಲೋ ಅಲ್ಲ ಅಂತದೆ."

"ಅದು ಹೇಳಿ ಮುಗ್ಸೂ ತನ್ಕ ಮೀನು ಕೊಳ್ತು ನಾರ್ತದೆ. ಯಾರು ಕಲ್ಸಿದ್ದು ಅದ್ಕೆ ಹೀಂಗೆ?"

"ನಾನೇ."

"ಹಾಂಗಾರೆ ನೀವು ಸ್ವಲ್ಪ ಸುಮ್ನಿರಿ ಅಕ್ಕೋರೇ."

ಅವಳು ಕುಕ್ಕರಗಾಲಿನಲ್ಲೇ ಫೋನಿನ ಹತ್ತಿರ ಸರಿದು, ಹೆಬ್ಬೆರಳಿನಿಂದ ಮೀನಿನ ಕಿವಿರು ಎತ್ತಿ ಪರದೆಗೆ ಹಿಡಿದಳು. ಹುಬ್ಬು ಹಾರಿಸಿದಳು, ಅಷ್ಟೇ. ಆ ಕಡೆ ಹುಡುಗಿ ಬಗ್ಗಿ ನೋಡಿದಳು. ಕಿವಿರು ಕಂದಿಹೋಗಿತ್ತು. ನಾನು ಪ್ರಶ್ನೆ ಕೇಳುವ ಮೊದಲೇ "ನೋ" ಎಂದಳು. ಎರಡನೆಯದಕ್ಕೆ "ಯೆಸ್". ಮೂರನೆಯದಕ್ಕೆ, ತಿರುಗಿಸಿ ತೋರಿಸಲು ಕೈಯಿಂದ ಸನ್ನೆ ಮಾಡಿ, "ನೋ" ಎಂದಳು. ಮೀನಿನವಳು ತೊಡೆ ತಟ್ಟಿಕೊಂಡು ನಕ್ಕಳು.

"ಅದ್ಕೆ ಎಲ್ಲಾ ಗೊತ್ತುಂಟು ಮಾರಾಯ್ರೇ! ಎರಡು ವರ್ಷ ಮೀನು ಮುಟ್ಟಿದ್ದಲ್ವಾ ಅದು? ನೀವೇ ಅದ್ರ ಬಾಯಿಗೆ ಬೂಚು ಹಾಕಿದ್ದು."

ಹೌದು, ಅವಳಿಗೆ ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ ಶಾಲೆಯ ಶೀತಲಗೃಹದಲ್ಲಿ ಅವಳು ಮಾಡುತ್ತಿದ್ದುದು ಅದನ್ನೇ. ಬಳಗದವರು ಅವಳ ತಲೆಗೆ ವಿಮಾನ ತುರುಕಲು ಹೊರಟಿದ್ದರು, ನಾನು ಅದೇ ಜಾಗಕ್ಕೆ ನನ್ನ ಗೋಡೆಯ ಫಲಕಗಳನ್ನು ತುರುಕಿದ್ದೆ. ಅವರ ಮೇಲೆ ನನಗಿದ್ದ ತಿರಸ್ಕಾರವನ್ನು ನಾನು ಹಿಂದಕ್ಕೆ ಪಡೆಯಲಿಲ್ಲ, ಈಗಲೂ ಪಡೆಯುವುದಿಲ್ಲ. ಆದರೆ ಆ ತಿರಸ್ಕಾರದಲ್ಲಿ ನನಗೆ ಸಲ್ಲಬೇಕಾದ ಪಾಲನ್ನು ನಾನು ಅದುವರೆಗೆ ತೆಗೆದುಕೊಂಡಿರಲಿಲ್ಲ. ಅಂದು ಕಟ್ಟೆಯ ಮೇಲೆ ಕುಳಿತು ತೆಗೆದುಕೊಂಡೆ.

ಉಳಿದ ದಿನಗಳಲ್ಲಿ ನಮ್ಮದು ಒಂದೇ ಅಭ್ಯಾಸ. ಮೊದಲು ತೀರ್ಪು, ಒಂದೇ ಮಾತಿನಲ್ಲಿ. ಕೇಳಿದರೆ ಮಾತ್ರ ಕಾರಣ, ಅದೂ ಒಂದೇ. ಕಿವಿರು, ವಾಸನೆ, ಐಸು, ಉಷ್ಣತೆ ಇವುಗಳ ಇಂಗ್ಲಿಷ್ ಶಬ್ದಗಳನ್ನು ಗಟ್ಟಿಮಾಡಿದೆವು. ನಾನು ಮೇಲಧಿಕಾರಿಯ ದನಿಯಲ್ಲಿ ಗದರಿಸುತ್ತಿದ್ದೆ, ಹಡಗು ಹೊರಡುತ್ತಿದೆ ಎನ್ನುತ್ತಿದ್ದೆ, ಸಣ್ಣ ದೋಷ ಬಿಟ್ಟುಬಿಡು ಎನ್ನುತ್ತಿದ್ದೆ. ಮನವೊಲಿಸುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಮೊದಲೆರಡು ದಿನ ಅವಳು ಸೋತಳು; ನನ್ನ ವಾದಕ್ಕೆ ತಲೆದೂಗಿ ಪೆಟ್ಟಿಗೆಯನ್ನು ಒಪ್ಪಿಬಿಟ್ಟಳು. ಮೂರನೆಯ ದಿನದಿಂದ ಸೋಲಲಿಲ್ಲ. ಸಂಯೋಜಕರು ನಡುವೆ ಬರೆದು, ಈಚಿನ ಧ್ವನಿಮುದ್ರಣಗಳಲ್ಲಿ ವಿದ್ಯಾರ್ಥಿನಿಯ ವಾಕ್ಯಗಳು ಚಿಕ್ಕವಾಗುತ್ತಿವೆ, ಪ್ರಗತಿ ಕುಂಠಿತವಾಗಿದೆ ಎಂದು ವಿಷಾದಿಸಿದರು.

ಸಂದರ್ಶನದ ದಿನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳ ಸಂದೇಶ ಬಂತು. ಪೆಟ್ಟಿಗೆ ಇಟ್ಟರು. ಬೇಡ ಎಂದೆ. ಕಂಪನಿಯವರು ಮೂರು ಸಲ ಕೇಳಿದರು. ನಮ್ಮ ಹಿರಿಯ ಪರೀಕ್ಷಕರು ಇದನ್ನು ಒಪ್ಪಿದ್ದಾರೆ ಎಂದರು. ಮೂರು ಸಲವೂ ಬೇಡ ಎಂದೆ. ಯಾಕೆ ಎಂದರು. ಕಿವಿರು ಎಂದೆ.

ಎರಡು ದಿನದ ಬಳಿಕ ಆಯ್ಕೆಯ ಪತ್ರದ ಚಿತ್ರ ಕಳಿಸಿದಳು. ಕೆಳಗೆ ಎರಡು ಸಾಲು: ತರಬೇತಿ ಮುಂದಿನ ತಿಂಗಳಿಂದ, ಶನಿವಾರವೂ ಕೆಲಸ. ಇನ್ನು ಮಾತುಕತೆಗೆ ಬರುವುದಿಲ್ಲ.

ವಾರದ ಬೇರೆ ದಿನಗಳು, ಬೆಳಗಿನ ವೇಳೆ, ಅರ್ಧ ತಾಸಾದರೂ ಎಂದು ಅವಳನ್ನು ಒಪ್ಪಿಸಬಲ್ಲ ಕಾರಣಗಳು ಒಂದರ ಹಿಂದೆ ಒಂದು ನನಗೆ ಹೊಳೆದವು. "ಸರಿ" ಎಂದು ಬರೆದು ಕಳಿಸಿದೆ.