ಮಸ್ಕತ್ ದಾರಿಯಲ್ಲಿ ಒಂದು ಒಡಪು

ನಮ್ಮ ಎದುರು ಮನೆ ಕಾಕೂಗೆ ಸ್ವಂತ ಗಂಡನ ಹೆಸರೇ ಗೊತ್ತಿಲ್ಲ ಎಂದು ಪೊಲೀಸ್ ಹವಾಲ್ದಾರರಿಗೆ ಗುಮಾನಿ ಬಂದುಬಿಟ್ಟಿತ್ತು!

ಕಾಕೂ ಧಾರವಾಡ ಕಡೆಯಿಂದ ಈ ಮರಾಠಿ ಊರಿಗೆ ಬಂದವರು. ಮಗಳು ಮಸ್ಕತ್‌ನಲ್ಲಿ ಚೊಚ್ಚಲ ಬಸುರಿ. ಬಾಣಂತನಕ್ಕೆ ಅವ್ವ ಬರಲೇಬೇಕು ಎಂದು ಹಟ. ವೀಸಾ ನನ್ನ ಜವಾಬ್ದಾರಿ, ನೀವು ಪಾಸ್‌ಪೋರ್ಟ್ ಮಾಡಿಸಿ ಎಂದು ಅಳಿಯ ಬರೆದಿದ್ದ. ಅರ್ಜಿ ಹೋಯಿತು, ರೇಷನ್ ಕಾರ್ಡಿನ ನಕಲು ಹೋಯಿತು, ಫೋಟೋ ಹೋಯಿತು. (ಫೋಟೋದಲ್ಲಿ ಕಾಕೂ ಹಾಲಿನವನನ್ನು ಬೈಯಲು ಬಾಯಿ ತೆರೆದಂತಿದ್ದಾರೆ.) ಉಳಿದದ್ದು ಪೊಲೀಸ್ ಎನ್‌ಕ್ವೈರಿ. ಅದು ಕೆಟ್ಟರೆ ಪಾಸ್‌ಪೋರ್ಟ್ ತಡ. ಪಾಸ್‌ಪೋರ್ಟ್ ತಡೆಯಬಹುದು, ಕೂಸು ತಡೆಯುತ್ತದೆಯೇ?

ಹವಾಲ್ದಾರರು ಬಂದಾಗ ಕಾಕೂ ಗಂಡ, ಅಂದರೆ ನಮ್ಮ ಕಾಕಾ, ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯಲ್ಲಿದ್ದರು. ‘ಮಿಸ್ಟರಾಂಚಂ ನಾವ್?’ ಎಂದು ಮರಾಠಿಯಲ್ಲಿ ಗಂಡನ ಹೆಸರು ಕೇಳಿದರಂತೆ. ಕಾಕೂ ನಕ್ಕು ಬಾಗಿಲ ಮೇಲಿನ ಹಲಗೆ ತೋರಿಸಿದರು. ಅದರಲ್ಲಿದ್ದದ್ದು ಬರೀ ಅಡ್ಡಹೆಸರು. ಮತ್ತೆ ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ಚಹಾ ಮಾಡಲು ಒಳಗೆ ಹೋದರು. ಹವಾಲ್ದಾರರು ಚಹಾ ಕುಡಿದರು. ಗುಮಾನಿ ಮಾತ್ರ ಬಿಡಲಿಲ್ಲ. ‘ಭಾನುವಾರ ಬರ್ತೇನೆ, ನಿಮ್ಮ ಬಾಯಿಂದಲೇ ಕೇಳ್ಬೇಕು. ಇಲ್ಲಾಂದ್ರೆ ಗುರುತು ಖಾತ್ರಿಯಿಲ್ಲ ಅಂತ ಬರೀತೇನೆ’ ಎಂದು ಮರಾಠಿಯಲ್ಲೇ ಗದರಿ ಹೋದರು.

ಕೋಚಿಂಗ್ ಜವಾಬ್ದಾರಿ ನನಗೆ ಬಿತ್ತು. ಏಕೆ? ನಮ್ಮ ಬಿಲ್ಡಿಂಗ್‌ನಲ್ಲಿ ಪೊಲೀಸರ ದನಿ ತೆಗೆಯಬಲ್ಲವನು ನಾನೊಬ್ಬನೇ. (ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು, ಕಾಕಾ ಗೊರಕೆ, ನಮ್ಮಮ್ಮ ತುಳುವಿನಲ್ಲಿ ನನ್ನನ್ನು ಶಪಿಸುವುದು ಎಲ್ಲ ಬರುತ್ತದೆ. ನೌಕರಿಯೊಂದು ಬಿಟ್ಟು.) ಕಾಕೂರ ಲಟ್ಟಣಿಗೆಯನ್ನೇ ಲಾಠಿ ಮಾಡಿಕೊಂಡು ಹೊಟ್ಟೆ ಮುಂದೆ ಮಾಡಿ ನಿಂತೆ.

‘ಬಾಯಿಯವರೇ, ಗಂಡನ ಹೆಸರು!’

‘ಅವರು... ಲೋಕಲ್ ಟ್ರೇನ್ ಹಿಡದು ಫ್ಯಾಕ್ಟರಿಗೆ ಹೋಗ್ತಾರಲ್ರೀ, ಅವರ.’

‘ಆ ಲೋಕಲ್‌ನಲ್ಲಿ ಹೋಗೋರೆಲ್ಲ ನಿಮ್ಮ ಗಂಡಂದಿರಾ?’

‘ಸುಟ್ಟ ಬಾಯಿ!’ ಎಂದು ಕಾಕೂ ಲಟ್ಟಣಿಗೆ ಕಸಿದುಕೊಂಡರು. ‘ಗಂಡನ ಹೆಸರು ತಗೊಂಡ್ರ ಅವರ ಆಯುಷ್ಯ ಕಡಿಮಿ ಆಗ್ತದಲೇ.’

‘ಕಾಕೂ, ಫ್ಯಾಕ್ಟರಿಯಲ್ಲಿ ಸಾಹೇಬರು ದಿನವಿಡೀ ಕಾಕಾ ಹೆಸರು ಕೂಗ್ತಾರೆ. ಇನ್ನೂ ಗಟ್ಟಿಮುಟ್ಟಾಗಿದ್ದಾರಲ್ಲ?’

‘ಸಾಹೇಬ ಅವರ ಹೇಣ್ತಿ ಏನು?’

ವಾದದಲ್ಲಿ ಗೆದ್ದವರು ಯಾರೆಂದು ನಿಮಗೇ ಗೊತ್ತಾಯಿತಲ್ಲ. ಕೋಚಿಂಗ್ ಫೇಲ್.

ಭಾನುವಾರ ಹವಾಲ್ದಾರರು ಬಂದರು. ಕಾಕಾ ಇಸ್ತ್ರಿ ಶರ್ಟಿನಲ್ಲಿ ತಯಾರು. ನೆರೆಯವರ ಸಾಕ್ಷಿ ಬೇಕೆಂದು ನಾನೂ ನಮ್ಮಮ್ಮನೂ ಹಾಜರು. ಪ್ರಶ್ನೆ ಬಂತು. ಕಾಕಾ ಬಾಯಿ ತೆರೆದರು, ಹವಾಲ್ದಾರರು ಕೈ ಅಡ್ಡ ಹಿಡಿದರು. ಕಾಕೂ ಒಮ್ಮೆ ಗೋಡೆಯ ಮೇಲಿದ್ದ ಮಗಳ ಫೋಟೋ ನೋಡಿದರು, ಕಣ್ಣು ಮುಚ್ಚಿದರು, ಎಳೆದು ರಾಗವಾಗಿ ಶುರುಮಾಡಿದರು:

‘ಲೋಕಲ್ ತಪ್ಪಿದ್ರ ಇನ್ನೊಂದು ಲೋಕಲ್, ಇಮಾನ ತಪ್ಪಿದ್ರ ಮುಗೀತು,
ಶ್ರೀಪಾದರಾಯರ ಹೆಸರು ಹೇಳ್ತೀನಿ, ಮಗಳ ಮಾರಿ ಕಂಡೀತು!’

ಒಡಪು! ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದೊಳಗೆ ಅಡಗಿಸಿ ಹೇಳುತ್ತಾರಲ್ಲ, ಅದೇ. ಹಾಗೆ ಹೇಳಿದರೆ ಆಯುಷ್ಯಕ್ಕೆ ಧಕ್ಕೆಯಿಲ್ಲ. ನನ್ನ ಕೋಚಿಂಗ್ ತಲೆಗೆ ಇದು ಹೊಳೆಯಿತೇ?

ಹವಾಲ್ದಾರರಿಗೆ ಕನ್ನಡ ಬಾರದು. ಆದರೆ ಆ ರಾಗ ಯಾವ ಮರಾಠಿ ಗಂಡಸಿಗೆ ಗೊತ್ತಿಲ್ಲ? ‘ವಾ ವಹಿನಿ! ಇದು ನಮ್ಮ ಉಖಾಣಾ!’ ಎಂದು ತೊಡೆ ತಟ್ಟಿ, ಹೆಸರು ಬರೆದುಕೊಂಡರು. ‘ನಮ್ಮನೆಯವಳೂ ಹೀಗೇ. ನನ್ನ ಹೆಸರು ಕೇಳ್ಬೇಕಂದ್ರೆ ಯಾರದ್ದಾದ್ರೂ ಮದುವೆ ಆಗ್ಬೇಕು.’

ಆಮೇಲೆ ನನ್ನ ಕಡೆ ತಿರುಗಿದರು. ‘ಇವರನ್ನು ನೀನು ಬಲ್ಲೆಯಾ?’

‘ಬಲ್ಲೆಯಾ ಅಂದ್ರೇನು ಸಾಹೇಬ್! ಇವರ ಕೈರೊಟ್ಟಿ ತಿಂದೇ ದೊಡ್ಡವನಾದೆ.’

‘ಹೆಸರು?’

‘ಕಾಕೂ.’

‘ಕಾಕೂ ಅಂದ್ರೆ ಚಿಕ್ಕಮ್ಮ, ಅದು ನಾತೆ, ಸಂಬಂಧ ಆಯ್ತು. ಹೆಸರು ಹೇಳು.’

ಈಗ ಪರೀಕ್ಷೆ ನನ್ನದು. ಅವರ ಕೆಮ್ಮು ಬರುತ್ತದೆ, ನಗು ಬರುತ್ತದೆ, ನಡಿಗೆ ಬರುತ್ತದೆ. ಹೆಸರು ಬರದು! ಅಮ್ಮನ ಮುಖ ನೋಡಿದೆ. ಅಮ್ಮ, ‘ಕಾಕೂ ಅಲ್ವನಾ ಮಾರಾಯ?’ ಎಂದು ಪಿಸುಗುಟ್ಟಿದರು. ಮುಗಿಯಿತು. ಮಸ್ಕತ್ ವಿಮಾನ ಕಾಕೂರನ್ನು ಬಿಟ್ಟು, ನನ್ನಿಂದಾಗಿ, ಹಾರಿಹೋಗುವುದು ಕಣ್ಣಿಗೆ ಕಟ್ಟಿತು.

‘ಸುಮಿತ್ರಾ.’

ಹೇಳಿದ್ದು ಕಾಕಾ. ‘ಏ, ಕೇಳಿಸ್ತೇನ?’ ಎಂದಷ್ಟೇ ಕರೆಯುತ್ತಿದ್ದ ಕಾಕಾ. ಪ್ರಾಸವಿಲ್ಲ, ರಾಗವಿಲ್ಲ, ಬರೀ ಹೆಸರು. ಒಡಪು ಹೇಳುವಾಗ ಕೆಂಪಾಗದ ಕಾಕೂ ಮುಖ ಆಗ ಕೆಂಪಾದದ್ದನ್ನು ನೀವು ನೋಡಬೇಕಿತ್ತು.

ಹವಾಲ್ದಾರರು ನಕ್ಕು, ನನ್ನ ಕೈಗೆ ಪೆನ್ನು ಕೊಟ್ಟು, ‘ಈಗ ಗೊತ್ತಾಯ್ತಲ್ಲ, ಸಹಿ ಹಾಕು’ ಎಂದರು.

ಪಾಸ್‌ಪೋರ್ಟ್ ಬಂತು. ಕಾಕೂ ಹೋದರು, ಕೂಸಿಗಿಂತ ಮೊದಲೇ ಮುಟ್ಟಿದರು. ಇಲ್ಲಿ ಕಾಕಾ ಒಬ್ಬರೇ ಚಹಾ ಸೋಸುತ್ತ ಆಗಾಗ, ‘ಏ, ಕೇಳಿಸ್ತೇನ?’ ಎಂದು ಕರೆದು ನಾಚಿಕೊಳ್ಳುತ್ತಾರೆ. (ಅದರ ಮಿಮಿಕ್ರಿ ಮಾತ್ರ ನಾನು ಮಾಡುವುದಿಲ್ಲ.)

ಅದಿರಲಿ, ನಿಮ್ಮ ಎದುರು ಮನೆ ಕಾಕೂ ಹೆಸರೇನು?